ಹಗರಿಯ ದಡದ ಗಿಡಗಳು



ಹೊಳೆಯ ದಾರಿಯನ್ನು ನೀರೇ ಗೊತ್ತುಮಾಡುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ನಿಜ. ಉಳಿದರ್ಧ ದಡದ ಗಿಡಗಳ ಕೈಯಲ್ಲಿದೆ. ರೊಳ್ಳದವರಾಗಲಿ, ರಾಯದುರ್ಗದವರಾಗಲಿ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಗರಿ ಹೊಳೆಯ ಚರಿತ್ರೆ ಸಾಕು. ಹಿರಿಯೂರಿನ ಕಡೆ ಇದನ್ನೇ ವೇದಾವತಿ ಎನ್ನುತ್ತಾರೆ.

ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿದ್ದು 1953ರಲ್ಲಿ, ಆಂಧ್ರ ರಾಜ್ಯ ಆದಾಗ. ಅದಕ್ಕೆ ಮೊದಲು ಬಳ್ಳಾರಿ ಜಿಲ್ಲೆಯದು. ಆ ಜಿಲ್ಲೆಯ ಗೆಜೆಟಿಯರನ್ನು 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದರು. ಹಗರಿಯ ಮರಳು ಗಾಳಿಗೆ ಎದ್ದು ಮೂಡಣ ದಡದ ಹೊಲಗಳ ಮೇಲೆ ಬೀಳುವ ತಾಪತ್ರಯ ಆಗಲೇ ಅದರಲ್ಲಿ ದಾಖಲಾಗಿದೆ. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನ ಕಡೆ ಹೋದವರು ಮರಳ ದಿಬ್ಬಗಳನ್ನು ಇಂದಿಗೂ ಕಾಣಬಹುದು.

ಗಿಡ ಮಾಡುವುದೇನು? ಬೇರು ದಡದ ಮಣ್ಣನ್ನು ಹಿಡಿಯುತ್ತದೆ. ಕಾಂಡ, ಕೊಂಬೆಗಳು ಪ್ರವಾಹದ ಓಟವನ್ನು ತಗ್ಗಿಸುತ್ತವೆ. ಓಟ ತಗ್ಗಿದ ನೀರು ಹೊತ್ತು ತಂದ ಮರಳು, ಗೋಡನ್ನು ಅಲ್ಲಿಯೇ ಇಳಿಸುತ್ತದೆ. ಲಕ್ಕಿ, ಹೊಂಗೆ, ಈಚಲು, ಅಂದರೆ ನಮ್ಮ ತೆಲುಗು ನೆರೆಯವರ ವಾವಿಲಿ, ಕಾನುಗ, ಈತ, ಇವು ದಡದಲ್ಲಿದ್ದರೆ ದಡ ಗಟ್ಟಿಯಾಗಿ ಹೊಳೆ ನಡುವೆ ಆಳವಾಗಿ ಹರಿಯುತ್ತದೆ. ಕಡಿದರೆ ದಡ ಕುಸಿಯುತ್ತದೆ, ಹೊಳೆ ಅಗಲವಾಗಿ ತೆಳುವಾಗುತ್ತದೆ. ಬೇಸಿಗೆಗೆ ಉಳಿಯುವುದು ಹರವಾದ ಒಣ ಮರಳು. ಆಷಾಢದ ಗಾಳಿಗೆ ತೂರಲು ಇದಕ್ಕಿಂತ ಒಳ್ಳೆಯ ರಾಶಿ ಬೇಕೆ?

ಇನ್ನು ಜಾಲಿಯ ಕಥೆ. 1877ರಲ್ಲಿ ಜಮೈಕಾದಿಂದ ತರಿಸಿದ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಅದು ಹರಡಿದ ಮೇಲೆ ಕನ್ನಡದವರು ಬಳ್ಳಾರಿ ಜಾಲಿ ಎಂದರು, ತೆಲುಗಿನವರು ಸರ್ಕಾರು ತುಮ್ಮ ಎಂದರು. ಯಾರೂ ತಮ್ಮದೆಂದು ಒಪ್ಪಿಕೊಳ್ಳಲಿಲ್ಲ ನೋಡಿ! ಮರಳು ಹಿಡಿಯುವುದರಲ್ಲಿ ಅದು ಗಟ್ಟಿಗ.

ಆದರೆ 1907ರಲ್ಲಿ ಮಾರಿಕಣಿವೆ ಅಣೆಕಟ್ಟು ಮುಗಿಯಿತು, 1961ರಲ್ಲಿ ಕೆಳಗೆ ಭೈರವಾನಿ ತಿಪ್ಪ. ಹಿಂದೆ ದೊಡ್ಡ ಪ್ರವಾಹ ಬಂದಾಗ ಹೊಳೆಯೊಳಗೆ ಹುಟ್ಟಿದ ಸಸಿಗಳನ್ನು ಕಿತ್ತೊಯ್ಯುತ್ತಿತ್ತು. ಅಂಥ ಪ್ರವಾಹ ಅಪರೂಪವಾದಾಗ ಸಸಿ ಮರವಾಗುತ್ತದೆ, ಮರದ ಬುಡದಲ್ಲಿ ಮರಳು ನಿಂತು ದಿಣ್ಣೆಯಾಗುತ್ತದೆ, ನೀರಿನ ದಾರಿ ಕಿರಿದಾಗುತ್ತದೆ. ಮೇಲಿನಿಂದ ಬರುವ ಮರಳನ್ನಂತೂ ಅಣೆಕಟ್ಟು ಠೇವಣಿ ಇಟ್ಟುಕೊಳ್ಳುತ್ತದೆ; ಕೆಳಗೆ ಲಾರಿಗಳು ತುಂಬಿಕೊಂಡು ಹೋಗುವುದು ಬರೀ ಖರ್ಚು. ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

1933ರ ನಂತರ ಕೋಡಿ ಬೀಳದಿದ್ದ ಮಾರಿಕಣಿವೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಅಂಥ ನೀರು ಬಂದಾಗ ನಡುಹೊಳೆಯಲ್ಲಿ ಜಾಲಿ ನಿಂತಿದ್ದರೆ, ಅದು ದಾರಿ ಹುಡುಕಿಕೊಂಡು ನಿಮ್ಮ ಹೊಲಕ್ಕೇ ತಿರುಗುತ್ತದೆ. ಆದ್ದರಿಂದ ಕೊಡಲಿ ಹಿಡಿಯುವ ಮುನ್ನ ಗಿಡ ನಿಂತ ಜಾಗ ನೋಡಿ. ದಡದ ಲಕ್ಕಿ, ಹೊಂಗೆ ಮುಟ್ಟಬೇಡಿ. ನಡುಹೊಳೆಯ ಜಾಲಿಯನ್ನು ಬೇಸಿಗೆಯಲ್ಲೇ ಬುಡ ಅಗೆದು ತೆಗೆಯಬೇಕು. ಮೇಲೆ ಕಡಿದು ಬಿಟ್ಟರೆ ಮಳೆಗೆ ಮತ್ತೆ ಚಿಗುರಿ ಇನ್ನೂ ದಟ್ಟವಾಗುತ್ತದೆ.