ಹಲಗೆಯೂ ಕೀಲಿಮಣೆಯೂ

ಟ್ಯಾಬ್ಲೆಟ್ ಎಂಬ ಸಾಧನವು ಲ್ಯಾಪ್‌ಟಾಪಿನ ಸ್ಥಾನವನ್ನು ತುಂಬಬಲ್ಲುದೆ? ಚಿತ್ರಕಾರರು, ಬರೆಹಗಾರರು, ಸಂಗೀತ ಸಂಯೋಜಕರು, ಚಲನಚಿತ್ರದ ಸಂಕಲನಕಾರರು, ಹೀಗೆ ಕಲೆಯನ್ನೇ ವೃತ್ತಿಯಾಗಿ ಮಾಡಿಕೊಂಡವರೆಲ್ಲ ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಇದು. ಮೇಲುನೋಟಕ್ಕೆ ಅಂಗಡಿಯಲ್ಲಿ ಬೆಲೆ ವಿಚಾರಿಸುವವನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದಕ್ಕೊಂದು ಇತಿಹಾಸವಿದೆ. ಅದನ್ನು ಅರಿತ ಮೇಲೆ ಪ್ರಶ್ನೆಯ ರೂಪವೇ ಬೇರೆಯಾಗುತ್ತದೆ. ಆ ಇತಿಹಾಸದ ಕೆಲವು ಘಟ್ಟಗಳನ್ನು ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಟ್ಯಾಬ್ಲೆಟ್ ಎಂದರೆ ಹಲಗೆ. ಹೆಸರಿನಲ್ಲೇ ಅದರ ವಂಶಾವಳಿ ಅಡಗಿದೆ. ಪ್ರಾಚೀನ ರೋಮನರು ಮರದ ಹಲಗೆಯ ನಡುಭಾಗವನ್ನು ಕೊಂಚ ತಗ್ಗಾಗಿ ಕೊರೆದು, ಅಲ್ಲಿ ಮೇಣವನ್ನು ತುಂಬಿ, ಮೊನಚಾದ ಕಡ್ಡಿಯಿಂದ ಬರೆಯುತ್ತಿದ್ದರು. ಕಡ್ಡಿಯ ಇನ್ನೊಂದು ತುದಿ ಚಪ್ಪಟೆಯಾಗಿರುತ್ತಿತ್ತು; ಅದರಿಂದ ಉಜ್ಜಿದರೆ ಬರೆದದ್ದು ಅಳಿಯುತ್ತಿತ್ತು. ಕ್ರಿ. ಶ. 1ನೆಯ ಶತಮಾನದಲ್ಲಿ ವಾಕ್ಕಲೆಯನ್ನು ಬೋಧಿಸುತ್ತಿದ್ದ ಕ್ವಿಂಟಿಲಿಯನ್, ಕರಡನ್ನು ಮೇಣದ ಹಲಗೆಯ ಮೇಲೆ ಬರೆಯುವುದೇ ಉತ್ತಮವೆಂದು ಹೇಳಿದ. ಶಾಯಿಯಲ್ಲಿ ಮತ್ತೆ ಮತ್ತೆ ಅದ್ದಬೇಕಾದ ಲೇಖನಿ ಕೈಯನ್ನು ತಡೆದು ಆಲೋಚನೆಯ ಓಟವನ್ನು ಮುರಿಯುತ್ತದೆ ಎಂಬುದು ಆತನ ಕಾರಣ. ಆತನೇ ಹೇಳುವ ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. ಒಬ್ಬ ಶಿಷ್ಯ ತನ್ನ ಬರವಣಿಗೆಯನ್ನು ಸಾಲುಗಳ ಲೆಕ್ಕದಲ್ಲಿ ಅಳೆಯುತ್ತಿದ್ದುದರಿಂದ, ಅಗಲವಾದ ಹಲಗೆಯ ಮೇಲೆ ಅತಿಯಾಗಿ ಲಂಬಿಸಿ ಬರೆಯುತ್ತಿದ್ದನಂತೆ. ಎಷ್ಟು ಬುದ್ಧಿ ಹೇಳಿದರೂ ತಿದ್ದದ ಆ ದೋಷ, ಹಲಗೆಯನ್ನು ಬದಲಾಯಿಸಿದೊಡನೆ ಹೋಯಿತಂತೆ! ಸಾಧನವು ಕೃತಿಯನ್ನು ರೂಪಿಸುತ್ತದೆ ಎಂಬ ಮಾತಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸರಳವಾದ ನಿದರ್ಶನ ನನಗೆ ತಿಳಿದಿಲ್ಲ.

ಇಷ್ಟು ಅನುಕೂಲವಾಗಿದ್ದರೂ ಮೇಣದ ಹಲಗೆ ಪಪೈರಸಿನ ಸುರುಳಿಯನ್ನು ಹೊರದೂಡಲಿಲ್ಲ. ಅಳಿಸಬೇಕಾದದ್ದು ಹಲಗೆಯ ಮೇಲೆ, ಉಳಿಸಬೇಕಾದದ್ದು ಸುರುಳಿಯ ಮೇಲೆ ಎಂಬ ವಿಭಜನೆ ಶತಮಾನಗಳ ಕಾಲ ನಡೆದುಬಂತು. ಆದರೆ ಹಲಗೆ ಒಂದು ದೊಡ್ಡ ಉಪಕಾರ ಮಾಡಿತು. ಹಲವು ಹಲಗೆಗಳನ್ನು ಅಂಚಿನಲ್ಲಿ ಪೋಣಿಸಿ ಕಟ್ಟುತ್ತಿದ್ದ ರೀತಿಯೇ, ಮರದ ಜಾಗದಲ್ಲಿ ಚರ್ಮದ ಹಾಳೆ ಬಂದಾಗ, ನಾವಿಂದು ಕೈಯಲ್ಲಿ ಹಿಡಿಯುವ ಪುಸ್ತಕದ ಆಕಾರವಾಯಿತು. ನಮ್ಮ ನಾಡಿನಲ್ಲಿಯೂ ಇಂಥದೊಂದು ಕಥೆಯಿದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತ ಹಲಗೆಯಂತೆ ಅಳಿಸಲೂ ಬರುತ್ತಿತ್ತು, ಪುಸ್ತಕದಂತೆ ಇಡಲೂ ಬರುತ್ತಿತ್ತು. ವರ್ತಕರ ಲೆಕ್ಕಗಳೂ ಶೃಂಗೇರಿ ಮಠದ ದಾಖಲೆಗಳೂ ಅಂಥ ಕಡತಗಳಲ್ಲಿದ್ದವು. ಬಟ್ಟೆ ಮರೆಯಾದರೂ ಹೆಸರು ಮಾತ್ರ ಕಚೇರಿಗಳಲ್ಲಿ ಉಳಿದುಕೊಂಡಿದೆ. ಹಳೆಯ ಸಾಧನ ಹೊಸದರ ಮುಂದೆ ಸೋಲುವುದಕ್ಕಿಂತ, ಹೊಸದರೊಳಗೆ ಸೇರಿಕೊಳ್ಳುವುದೇ ಹೆಚ್ಚು.

ಇನ್ನು ಗಣಕಯಂತ್ರದ ಕಾಲಕ್ಕೆ ಬರೋಣ. ಕೈಯಿಂದ ಗೀಚಿದ್ದನ್ನು ಯಂತ್ರ ಗ್ರಹಿಸಬೇಕೆಂಬ ಆಸೆ ಈಚಿನದಲ್ಲ. 1963ರಲ್ಲಿ ಐವನ್ ಸದರ್ಲೆಂಡ್ ಎಂಬ ತರುಣ ಸಂಶೋಧಕ ಅಮೆರಿಕದ ಎಂ. ಐ. ಟಿ. ಸಂಸ್ಥೆಯಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ನೇರವಾಗಿ ರೇಖೆಗಳನ್ನೆಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ತೋರಿಸಿದ. ಮರುವರ್ಷವೇ ರ‍್ಯಾಂಡ್ ಸಂಸ್ಥೆಯವರು ಸುಮಾರು 10 ಅಂಗುಲ ಚೌಕದ ಬರೆಯುವ ಹಲಗೆಯೊಂದನ್ನು ನಿರ್ಮಿಸಿದರು. ಇವೆಲ್ಲ ಕೋಣೆ ತುಂಬುವ ಯಂತ್ರಗಳಿಗೆ ಅಂಟಿಕೊಂಡಿದ್ದ ಪ್ರಯೋಗಗಳು. ಮನೆಗೆ ಕೊಂಡೊಯ್ಯುವ ಮಾತಂತೂ ದೂರವೇ ಇತ್ತು.

ಆ ದೂರವನ್ನು ಕಲ್ಪನೆಯಲ್ಲಿ ದಾಟಿದವರು ಅಲನ್ ಕೇ. 1972ರಲ್ಲಿ, ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದಾಗ, ಎಲ್ಲ ವಯಸ್ಸಿನ ಮಕ್ಕಳಿಗೂ ಸಲ್ಲುವ ಒಂದು ಸ್ವಂತ ಗಣಕವನ್ನು ಕುರಿತು ಅವರು ಪ್ರಬಂಧವೊಂದನ್ನು ಬರೆದರು. ಆ ಗಣಕಕ್ಕೆ ‘ಡೈನಾಬುಕ್’ ಎಂದು ಹೆಸರು. ಪುಸ್ತಕದಷ್ಟು ಗಾತ್ರದ ಚಪ್ಪಟೆ ಹಲಗೆ. ಮೇಲುಭಾಗದಲ್ಲಿ ಪರದೆ, ಕೆಳಭಾಗದಲ್ಲಿ ಕೀಲಿಮಣೆ. ಪ್ರಬಂಧದ ಆರಂಭದಲ್ಲಿ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕುಳಿತು ಅದರಲ್ಲಿ ಬಾಹ್ಯಾಕಾಶದ ಕಾಳಗವೊಂದನ್ನು ಆಡುತ್ತಿರುತ್ತಾರೆ. ಆಟದಲ್ಲಿ ಸೂರ್ಯನ ಆಕರ್ಷಣೆ ಇಲ್ಲವೆಂಬುದು ಅವರಿಗೆ ಹೊಳೆಯುತ್ತದೆ. ಆಟವನ್ನೇ ತಿದ್ದಿ ಅದನ್ನು ಸೇರಿಸಲು ಹೊರಡುತ್ತಾರೆ. ಕೇ ಅವರ ಕನಸಿನ ಸತ್ವವೆಲ್ಲ ಈ ಒಂದು ದೃಶ್ಯದಲ್ಲಿದೆ. ಆ ಗಣಕ ಮಗುವಿನ ಕೈಯಲ್ಲಿ ಆಟದ ಸಾಮಾನೂ ಹೌದು, ಆಟವನ್ನು ತಯಾರಿಸುವ ಕಮ್ಮಟವೂ ಹೌದು.

ಆ ಒಂದು ಚಿತ್ರದಿಂದಲೇ ನಮ್ಮ ಲ್ಯಾಪ್‌ಟಾಪೂ ಟ್ಯಾಬ್ಲೆಟ್ಟೂ ಎರಡೂ ಹುಟ್ಟಿವೆ ಎಂದರೆ ತಪ್ಪಾಗಲಾರದು. ದಾಯಾದಿಗಳು ಆಸ್ತಿ ಹಂಚಿಕೊಂಡಂತೆ, ಒಬ್ಬನಿಗೆ ಕೀಲಿಮಣೆ ಹೋಯಿತು, ಇನ್ನೊಬ್ಬನಿಗೆ ಹಲಗೆ ಬಂತು. ಈ ಪಾಲಾಗುವಿಕೆಯಲ್ಲಿ ಒಂದು ವಿಚಿತ್ರವೂ ಉಂಟು. 1982ರಲ್ಲಿ ಗ್ರಿಡ್ ಎಂಬ ಕಂಪನಿ, ಬಿಲ್ ಮಾಗ್ರಿಜ್ ಅವರ ವಿನ್ಯಾಸದಲ್ಲಿ, ಪರದೆಯನ್ನು ಕೀಲಿಮಣೆಯ ಮೇಲೆ ಮಡಚುವ ‘ಕಂಪಾಸ್’ ಗಣಕವನ್ನು ಹೊರತಂದಿತು. ಇಂದಿನ ಲ್ಯಾಪ್‌ಟಾಪಿನ ಆಕಾರ ಅಲ್ಲಿಂದ ಬಂದದ್ದು. ಅದೇ ಕಂಪನಿ 1989ರಲ್ಲಿ, ಕೀಲಿಮಣೆಯನ್ನು ಬಿಟ್ಟು ಲೇಖನಿಯಿಂದ ನಡೆಯುವ ‘ಗ್ರಿಡ್‌ಪ್ಯಾಡ್’ ಎಂಬ ಹಲಗೆಯನ್ನೂ ಮಾರುಕಟ್ಟೆಗೆ ತಂದಿತು. ದಾಯಾದಿಗಳಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು!

ಹಲಗೆಯ ಮೊದಲ ವರ್ಷಗಳು ಸುಖದ್ದಾಗಿರಲಿಲ್ಲ. 1993ರಲ್ಲಿ ಆಪಲ್ ಕಂಪನಿಯ ‘ನ್ಯೂಟನ್’ ಕೈಬರೆಹವನ್ನು ಓದುವುದಾಗಿ ಹೇಳಿಕೊಂಡು, ತಪ್ಪಾಗಿ ಓದಿ ನಗೆಪಾಟಲಾಯಿತು, 1998ರಲ್ಲಿ ನಿಂತುಹೋಯಿತು. 2001ರಲ್ಲಿ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್, ಐದು ವರ್ಷಗಳೊಳಗೆ ಟ್ಯಾಬ್ಲೆಟ್ಟೇ ಅಮೆರಿಕದಲ್ಲಿ ಅತ್ಯಂತ ಜನಪ್ರಿಯವಾದ ಗಣಕವಾಗುವುದೆಂದು ಭವಿಷ್ಯ ನುಡಿದರು. ಹಾಗಾಗಲಿಲ್ಲ. ಕೀಲಿಮಣೆಗಾಗಿ ರಚಿತವಾದ ವ್ಯವಸ್ಥೆಗೆ ಲೇಖನಿಯನ್ನು ಅಂಟಿಸಿದ್ದರೇ ಹೊರತು, ಕೈಯ ಚಲನೆಗೆ ತಕ್ಕ ವ್ಯವಸ್ಥೆಯನ್ನು ಹೊಸದಾಗಿ ರಚಿಸಿರಲಿಲ್ಲ. 2010ರಲ್ಲಿ ಬಂದ ಐಪ್ಯಾಡ್ ಆ ಕೆಲಸ ಮಾಡಿತು. ಬೆರಳೇ ಅದರ ಲೇಖನಿ. ಇದು ಓದುವುದಕ್ಕೂ ನೋಡುವುದಕ್ಕೂ ಆದೀತು, ಕೆಲಸಕ್ಕಾಗದು ಎಂದು ಅನೇಕರು ತೀರ್ಪು ಕೊಟ್ಟರು.

ಆ ತೀರ್ಪನ್ನು ಮೊದಲು ಅಲುಗಾಡಿಸಿದವರಲ್ಲಿ ಒಬ್ಬರು, ಎಪ್ಪತ್ತು ದಾಟಿದ ಇಂಗ್ಲಿಷ್ ಚಿತ್ರಕಾರ ಡೇವಿಡ್ ಹಾಕ್ನಿ. 2011ರಲ್ಲಿ ಅವರು ಯಾರ್ಕ್‌ಷೈರಿನ ಒಂದು ಹಾದಿಯಲ್ಲಿ ವಸಂತಾಗಮನವನ್ನು ಐಪ್ಯಾಡಿನ ಮೇಲೆ ಬಿಡಿಸಿದರು. ಬೆಳಕು ಬದಲಾಗುವುದಕ್ಕೆ ಮುನ್ನ ಬಣ್ಣ ಸಿದ್ಧ. ಒಣಗುವ ತನಕ ಕಾಯಬೇಕಾದದ್ದಿಲ್ಲ. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಆ ಪೈಕಿ 51 ಚಿತ್ರಗಳು ಕಾಗದದ ಮೇಲೆ ದೊಡ್ಡದಾಗಿ ಮುದ್ರಿತವಾಗಿ ಗೋಡೆಯೇರಿದವು. ಅವುಗಳ ಜೊತೆಗೇ, ಅದೇ ಕೃತಿಯ ಅಂಗವಾಗಿ, 32 ಕ್ಯಾನ್‌ವಾಸುಗಳನ್ನು ಜೋಡಿಸಿದ ತೈಲಚಿತ್ರವೊಂದೂ ಇತ್ತು. ನನಗೆ ಮುಖ್ಯವಾಗಿ ತೋರುವುದು ಈ ಸಾಹಚರ್ಯ. ಹಲಗೆಯನ್ನು ಮನಸಾರೆ ಒಪ್ಪಿಕೊಂಡ ಕಲಾವಿದನೂ ಕುಂಚವನ್ನು ಕೆಳಗಿಡಲಿಲ್ಲ, ಮುದ್ರಣಾಲಯವನ್ನೂ ಬಿಡಲಿಲ್ಲ. 2020ರಲ್ಲಿ ನಾರ್ಮಂಡಿಯ ವಸಂತವನ್ನು ಅವರು ಮತ್ತೆ ಹಲಗೆಯ ಮೇಲೆ ಹಿಡಿದರು. ಚಿತ್ರಕಲೆಯ ಮಟ್ಟಿಗೆ ಹೇಳುವುದಾದರೆ, ಕೈಗೂ ರೇಖೆಗೂ ನಡುವೆ ಇದ್ದ ಅಂತರವನ್ನು ಟ್ಯಾಬ್ಲೆಟ್ ಕಳೆದಿದೆ. ಅಲ್ಲಿ ಅದು ಗೆದ್ದಿದೆ ಎನ್ನಲು ಸಂಕೋಚ ಬೇಕಿಲ್ಲ.

ಬರವಣಿಗೆಯ ಕಥೆ ಬೇರೆ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ‘ಸರ್ಫೇಸ್’ ಹಲಗೆಗೆ ಕೀಲಿಮಣೆಯನ್ನೇ ಹೊದಿಕೆಯಾಗಿ ಕೊಟ್ಟಿತು. 2015ರಲ್ಲಿ ಆಪಲ್ ಕೂಡ ‘ಐಪ್ಯಾಡ್ ಪ್ರೊ’ ಜೊತೆಗೆ ಲೇಖನಿಯನ್ನೂ ಕೀಲಿಮಣೆಯ ಹೊದಿಕೆಯನ್ನೂ ಮಾರಿತು. ದೀರ್ಘವಾಗಿ ಬರೆಯುವವನಿಗೆ ಬೆರಳ ತುದಿಗೆ ತಾಗುವ ಕೀಲಿ ಬೇಕು. ಗಾಜಿನ ಮೇಲೆ ಬಡಿಯುವ ಬೆರಳು ಬೇಗ ದಣಿಯುತ್ತದೆ. ಕನ್ನಡದ ಅನುಭವವೂ ಇದಕ್ಕೆ ಸಾಕ್ಷಿ. ಒತ್ತಕ್ಷರ, ಗುಣಿತಾಕ್ಷರಗಳ ನಮ್ಮ ಲಿಪಿ ಪರಭಾಷೆಯ ಕೀಲಿಮಣೆಗೆ ಎಂದೂ ಒಗ್ಗದೆಂದು ತೋರುತ್ತಿದ್ದಾಗ, ಕೆ. ಪಿ. ರಾವ್ ಅವರು ಅಕ್ಷರದ ಉಚ್ಚಾರಣೆಯನ್ನೇ ಆಧಾರವಾಗಿಟ್ಟು ವಿನ್ಯಾಸವೊಂದನ್ನು ರೂಪಿಸಿದರು. ‘ನುಡಿ’ ತಂತ್ರಾಂಶದ ಮೂಲಕ ಅದು ನಾಡಿನಲ್ಲೆಲ್ಲ ಹರಡಿತು. ಹಾಗೆ ಪಳಗಿದ ಕೈಗಳು ಹಲಗೆಯ ಮುಂದೆ ಕುಳಿತಾಗಲೂ ಪಕ್ಕದಲ್ಲಿ ಕೀಲಿಮಣೆಯನ್ನು ಇಟ್ಟುಕೊಳ್ಳುತ್ತವೆ. ಆಗ ಹಲಗೆ ಲ್ಯಾಪ್‌ಟಾಪನ್ನು ಸೋಲಿಸಿದಂತಾಯಿತೋ, ತಾನೇ ಲ್ಯಾಪ್‌ಟಾಪಾದಂತಾಯಿತೋ?

ಹಾಗಾದರೆ ಉಳಿದ ಭೇದವೇನು? ಶಕ್ತಿಯದಂತೂ ಅಲ್ಲ. ಆಪಲ್ ತನ್ನ ಲ್ಯಾಪ್‌ಟಾಪಿಗೆ 2020ರಲ್ಲಿ ಅಳವಡಿಸಿದ ‘ಎಂ 1’ ಚಿಪ್ಪನ್ನೇ 2021ರಲ್ಲಿ ಐಪ್ಯಾಡಿನೊಳಗೂ ಇಟ್ಟಿತು. ಎರಡರ ಎದೆಯಲ್ಲಿಯೂ ಬಡಿಯುತ್ತಿದ್ದದ್ದು ಒಂದೇ ಹೃದಯ. ಆದರೂ ಅದೇ ಕಂಪನಿ ತನ್ನ ಚಲನಚಿತ್ರ ಸಂಕಲನದ ತಂತ್ರಾಂಶವನ್ನು ಐಪ್ಯಾಡಿಗೆ ತಂದದ್ದು 2023ರಲ್ಲಿ. ಭೇದವಿರುವುದು ನಿಯಮಗಳಲ್ಲಿ. ಲ್ಯಾಪ್‌ಟಾಪಿನ ಒಡೆಯ ತನಗೆ ಬೇಕಾದ ತಂತ್ರಾಂಶವನ್ನು ಎಲ್ಲಿಂದಲಾದರೂ ತರಬಹುದು, ತಾನೇ ಬರೆಯಬಹುದು. ಐಪ್ಯಾಡಿನಲ್ಲಿ ಕಂಪನಿಯ ಅಂಗಡಿಯೇ ಹೆಬ್ಬಾಗಿಲು. 2010ರ ಏಪ್ರಿಲ್‌ನಲ್ಲಿ, ಮಕ್ಕಳು ತಾವೇ ಆಟಗಳನ್ನು ಹೆಣೆಯುವ ‘ಸ್ಕ್ರ್ಯಾಚ್’ ಎಂಬ ಭಾಷೆಯ ರಚನೆಗಳನ್ನು ತೋರಿಸುವ ತಂತ್ರಾಂಶವನ್ನು ಆ ಅಂಗಡಿಯಿಂದ ತೆಗೆದುಹಾಕಲಾಯಿತು. ಹುಲ್ಲಿನ ಮೇಲೆ ಕುಳಿತ ಆ ಇಬ್ಬರು ಮಕ್ಕಳನ್ನು ಇಲ್ಲಿ ನೆನೆಯದಿರುವುದು ಹೇಗೆ? ನಿಯಮ ಮುಂದೆ ಸಡಿಲವಾಯಿತು. 2014ರಲ್ಲಿ ಅದೇ ಭಾಷೆಯ ಕಿರಿಯ ರೂಪವೊಂದು ಐಪ್ಯಾಡಿಗೂ ಬಂತು. 2024ರಲ್ಲಿ ಐರೋಪ್ಯ ಒಕ್ಕೂಟ ಕಾನೂನಿನ ಬಲದಿಂದ ಬೇರೆ ಅಂಗಡಿಗಳಿಗೂ ತನ್ನ ನಾಡಿನಲ್ಲಿ ದಾರಿ ಮಾಡಿಸಿತು. ಬಾಗಿಲು ತೆರೆಯುತ್ತಿದೆ, ನಿಜ. ಆದರೆ ಬೀಗದ ಕೈ ಯಾರ ಬಳಿಯಿದೆ ಎಂಬುದು ಮರೆಯತಕ್ಕ ವಿಷಯವಲ್ಲ.

ಬೇರೊಂದು ಬಗೆಯ ಹಲಗೆಯನ್ನು ಬೆಂಗಳೂರೇ ಒಮ್ಮೆ ಕಲ್ಪಿಸಿತ್ತೆಂಬುದನ್ನು ನಾವು ಮರೆತಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯವರೂ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ಲೋಕಕ್ಕೆ ತೋರಿಸಿದರು. ಕೀಲಿಮಣೆಯಿಲ್ಲ, ಲೇಖನಿಯ ಸ್ಪರ್ಶದಿಂದ ನಡೆಯುವಂಥದು, ನಮ್ಮ ಭಾಷೆಗಳಲ್ಲಿ ಬರೆದದ್ದನ್ನು ಓದಿ ಹೇಳಬೇಕೆಂಬ ಗುರಿ. ಅದರ ವಿನ್ಯಾಸವನ್ನು ಮುಚ್ಚಿಡದೆ, ಇತರರೂ ತಯಾರಿಸಿ ತಿದ್ದಬಹುದಾದಂತೆ ಪರವಾನಗಿ ಕೊಟ್ಟಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಅದನ್ನು ತಯಾರಿಸಿತು. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಮರೆಗೆ ಸರಿಯಿತು. ವ್ಯಾಪಾರದಲ್ಲಿ ಸೋತರೂ ಅದರ ಹಿಂದಿನ ಭಾವನೆ ಸೋತಿತೆಂದು ನಾನು ಒಪ್ಪಲಾರೆ.

ಭೂಸುಧಾರಣೆಯ ಕಾಲದಲ್ಲಿ ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ಹಳ್ಳಿಹಳ್ಳಿಗಳಲ್ಲಿ ಮೊಳಗಿತ್ತು. ಗೇಣಿಯ ಹೊಲದಲ್ಲಿಯೂ ಒಳ್ಳೆಯ ಫಸಲು ಬರುತ್ತದೆ. ಆದರೆ ಗೇಣಿದಾರ ಬಾವಿ ತೋಡಿಸಲು ಹಿಂಜರಿಯುತ್ತಾನೆ, ಮಾವಿನ ಸಸಿ ನೆಡಲು ಹಿಂಜರಿಯುತ್ತಾನೆ. ಕಲಾವಿದನ ಸಾಧನಕ್ಕೂ ಈ ಮಾತು ಸಲ್ಲುತ್ತದೆ. ಒಂದು ಋತುವಿನ ಬೆಳೆಗೆ ಹಲಗೆ ಧಾರಾಳವಾಗಿ ಸಾಕು: ರೇಖಾಚಿತ್ರಕ್ಕೆ, ಕರಡಿಗೆ, ಪ್ರಯಾಣದ ನಡುವೆ ಹೊಳೆದ ರಾಗಕ್ಕೆ. ಆದರೆ ಇಪ್ಪತ್ತು ವರ್ಷಗಳ ದುಡಿಮೆಯನ್ನು ಕೂಡಿಡಲು, ಕೃತಿಯೊಂದನ್ನು ನೂರು ಭಾಗಗಳಿಂದ ಜೋಡಿಸಲು, ತನ್ನ ಕೆಲಸಕ್ಕೆ ತಕ್ಕ ಸಾಧನವನ್ನು ತಾನೇ ಹೆಣೆದುಕೊಳ್ಳಲು ಸ್ವಂತ ನೆಲ ಬೇಕು. ಇಂದಿಗೂ ಆ ನೆಲ ಹೆಚ್ಚಾಗಿ ಕೀಲಿಮಣೆಯ ಕಡೆಗೇ ಇದೆ. ಟ್ಯಾಬ್ಲೆಟ್ ಲ್ಯಾಪ್‌ಟಾಪಿನ ಸ್ಥಾನವನ್ನು ತುಂಬಬಲ್ಲುದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಯಂತ್ರದ ಮಟ್ಟಿಗೆ ಅದು ಆಗಲೇ ತುಂಬಿದೆ, ಒಡೆತನದ ಮಟ್ಟಿಗೆ ಇನ್ನೂ ತುಂಬಿಲ್ಲ. ಮೇಣದ ಹಲಗೆಯೂ ಸುರುಳಿಯೂ ಕೂಡಿ ಪುಸ್ತಕವಾದಂತೆ, ಇವೆರಡೂ ಕೂಡಿ ಮೂರನೆಯದೊಂದು ಸಾಧನ ಹುಟ್ಟಬಹುದು. ಅದರ ಆಕಾರ ಹೇಗೇ ಇರಲಿ, ತಿದ್ದುವ ಅಧಿಕಾರ ಅದನ್ನು ಬಳಸುವವನಿಗಿರಲಿ.