ಎಡನೀರಿನ ಮೊಕದ್ದಮೆಯೂ ನ್ಯಾಯಾಸನದ ಸ್ವಾತಂತ್ರ್ಯವೂ

ಯಕ್ಷಗಾನ, ಸಂಗೀತಗಳಿಗೆ ಆಶ್ರಯವಿತ್ತ ಎಡನೀರು ಮಠವು ಕಾಸರಗೋಡಿನ ಕನ್ನಡಿಗರಾದ ನಮಗೆ ಚಿರಪರಿಚಿತ. ದೇಶದ ಕಾನೂನು ವಿದ್ಯಾರ್ಥಿಗಳಿಗಾದರೋ ಅದರ ಪರಿಚಯ ಬೇರೊಂದು ಬಗೆಯದು. ಮಠಾಧಿಪತಿಗಳಾಗಿದ್ದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರೆತ್ತದೆ ಸಂವಿಧಾನದ ಪಾಠ ಮುಂದೆ ಸಾಗದು. ಆದರೆ ಅವರ ಮೊಕದ್ದಮೆಯ ತೀರ್ಪಿನಷ್ಟೇ ಗಮನಾರ್ಹವಾದುದು ಮರುದಿನ ನಡೆದ ಸಂಗತಿ. ನಮ್ಮವರು ಅದನ್ನು ಅಷ್ಟಾಗಿ ನೆನೆಯುವುದಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಕೇರಳ ಸರಕಾರವು 1963ರ ಭೂಸುಧಾರಣಾ ಶಾಸನವನ್ನು 1969ರಲ್ಲಿ ಬಿಗಿಗೊಳಿಸಿತು. ಮಠದ ಭೂಮಿ ಕೈಬಿಡುವ ಪ್ರಸಂಗ ಒದಗಲು ಸ್ವಾಮಿಗಳು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಷ್ಟರಲ್ಲಿ ಸಂಸತ್ತು ತನ್ನ ತಿದ್ದುಪಡಿಯ ಅಧಿಕಾರವನ್ನೇ ಹಿಗ್ಗಿಸಿಕೊಂಡಿತು. ಮಠದ ಗದ್ದೆ ತೋಟಗಳ ವ್ಯಾಜ್ಯವು ಬೆಳೆದು, ಸಂವಿಧಾನದಲ್ಲಿ ಸಂಸತ್ತು ಏನನ್ನು ಬೇಕಾದರೂ ಬದಲಿಸಬಹುದೇ ಎಂಬ ಪ್ರಶ್ನೆಯಾಯಿತು. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸ್ವಾಮಿಗಳ ಪರವಾಗಿ ನಿಂತವರು ನಾನಿ ಪಾಲ್ಕಿವಾಲಾ. 1973ರ ಏಪ್ರಿಲ್ 24ರಂದು, 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆಯಾಗಿ, ತೀರ್ಪು ಬಂದಿತು: ತಿದ್ದಬಹುದು, ಆದರೆ ಸಂವಿಧಾನದ ಮೂಲರಚನೆಯನ್ನು ಕೆಡಿಸಕೂಡದು.

ಸ್ವಾಮಿಗಳಿಗೆ ಭೂಮಿ ದಕ್ಕಲಿಲ್ಲ. ಕೇರಳದ ಭೂಶಾಸನಕ್ಕೆ ರಕ್ಷೆಯಿತ್ತ ತಿದ್ದುಪಡಿಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ನ್ಯಾಯಾಧೀಶರು ಭೂಮಾಲಿಕರ ಪಕ್ಷಪಾತಿಗಳೆಂದು ಆಡುವವರು ಇದನ್ನು ಮರೆಯುತ್ತಾರೆ. ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಅಜ್ಜಂದಿರು ಚಾಲಗೇಣಿಯ ಒಕ್ಕಲುಗಳಾಗಿದ್ದವರು. ಉತ್ತ ನೆಲಕ್ಕೆ ಅವರು ಒಡೆಯರಾದುದು ಇಂಥ ಶಾಸನಗಳಿಂದಲೇ. ಮಠದ ಮೇಲಿನ ಗೌರವಕ್ಕೂ ಈ ಮಾತಿಗೂ ವಿರೋಧವಿಲ್ಲವೆಂದು ನಾವು ಬಗೆದಿದ್ದೇವೆ.

ಏಪ್ರಿಲ್ 25ರಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿ. ಅನಾರೋಗ್ಯ ನಿಮಿತ್ತವಾದ 1964ರ ಒಂದು ಪ್ರಸಂಗವನ್ನು ಬಿಟ್ಟರೆ, ಅತ್ಯಂತ ಹಿರಿಯರೇ ಆ ಪೀಠವೇರುವುದು ಅದುವರೆಗಿನ ವಾಡಿಕೆ. ಹಿರಿತನದಲ್ಲಿ ಮುಂದಿದ್ದವರು ಶೇಲಟ್, ಕೆ. ಎಸ್. ಹೆಗ್ಡೆ ಮತ್ತು ಗ್ರೋವರ್. ಮೂವರೂ ಆ 7 ಮಂದಿಯಲ್ಲಿದ್ದವರು. ಸರಕಾರ ಮೂವರನ್ನೂ ದಾಟಿ, 6 ಮಂದಿಯಲ್ಲಿದ್ದ ಎ. ಎನ್. ರೇ ಅವರನ್ನು ನೇಮಿಸಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು ಕಾರ್ಕಳದ ಸಮೀಪದ ಕೌಡೂರಿನವರು, ಕಾಸರಗೋಡೂ ಒಳಗೊಂಡಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರೇ.

ಸರಕಾರಕ್ಕೂ ವಾದವಿರಲಿಲ್ಲವೆಂದಲ್ಲ. ಹಿರಿತನವೊಂದೇ ಸಾಲದೆಂದು ಕಾನೂನು ಆಯೋಗವೇ 1958ರಲ್ಲಿ ಹೇಳಿತ್ತು. ಆದರೆ ಮಂತ್ರಿ ಮೋಹನ ಕುಮಾರಮಂಗಲಂ ಅವರು ಸಂಸತ್ತಿನಲ್ಲಿ, ನ್ಯಾಯಾಧೀಶರ ತತ್ತ್ವದೃಷ್ಟಿಯನ್ನೂ ಸರಕಾರ ನೋಡಬೇಕೆಂದು ಸಮರ್ಥಿಸಿದಾಗ ಸಂಶಯ ಪರಿಹಾರವಾಗುವ ಬದಲು ಬಲವಾಯಿತು. ಯಾವ ಹುಡುಗನಿಗೆ ಎಷ್ಟು ಅಂಕವಿತ್ತರೆ ತನಗೆ ಬಡ್ತಿಯೆಂದು ಮೊದಲೇ ಬಲ್ಲ ಪರೀಕ್ಷಕನ ಕೈಗೆ ಉತ್ತರಪತ್ರಿಕೆಗಳನ್ನು ಯಾರು ಒಪ್ಪಿಸುವರು? ಸಂಸತ್ತಿನ ಎರಡು ಸದನಗಳ ವಿಶೇಷ ಬಹುಮತವಿಲ್ಲದೆ ನ್ಯಾಯಮೂರ್ತಿಯನ್ನು ತೆಗೆಯಲಾಗದು. ಅವರ ಸಂಬಳವನ್ನು ತಗ್ಗಿಸಲಾಗದು. ಇಷ್ಟೆಲ್ಲ ಕಾವಲನ್ನು ಬರೆದಿಟ್ಟ ಸಂವಿಧಾನ, ಮುಖ್ಯ ಪೀಠಕ್ಕೆ ಯಾರೆಂಬುದನ್ನು ಮಾತ್ರ ವಾಡಿಕೆಗೆ ಬಿಟ್ಟಿತ್ತು.

ವಾಡಿಕೆ ಒಮ್ಮೆ ಮುರಿದರೆ ಎರಡನೆಯ ಸಲ ಮುರಿಯುವುದು ಸುಲಭ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಾದವನು ನ್ಯಾಯಾಲಯಕ್ಕೆ ಮೊರೆಯಿಡಲಾಗದೆಂದು 1976ರ ಏಪ್ರಿಲ್‌ನಲ್ಲಿ ನಾಲ್ವರು ತೀರ್ಪಿತ್ತಾಗ, ಒಪ್ಪದವರು ಎಚ್. ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ಹೊರನಡೆದರು. 1993ರಲ್ಲಿ 9 ಮಂದಿಯ ಪೀಠವು ಹಿರಿತನದ ವಾಡಿಕೆಯನ್ನು ಎತ್ತಿಹಿಡಿದು, ನೇಮಕದಲ್ಲಿ ನ್ಯಾಯಾಂಗದ ಮಾತೇ ಮೇಲೆಂದಿತು. 2015ರಲ್ಲಿ ನೇಮಕಾತಿ ಆಯೋಗದ ತಿದ್ದುಪಡಿಯನ್ನು ತಳ್ಳಿಹಾಕಿದುದೂ ಎಡನೀರಿನ ಮೊಕದ್ದಮೆಯ ಮೂಲರಚನಾಸೂತ್ರದಿಂದಲೇ. ಆದರೂ ನ್ಯಾಯಮೂರ್ತಿಗಳೇ ಮುಚ್ಚಿದ ಬಾಗಿಲೊಳಗೆ ನ್ಯಾಯಮೂರ್ತಿಗಳನ್ನಾರಿಸುವ ಪದ್ಧತಿ ನಮಗೆ ಪೂರ್ಣ ಸಮ್ಮತವೆನ್ನಲಾರೆವು.

ಹೆಗ್ಡೆಯವರು 1977ರಲ್ಲಿ ಲೋಕಸಭೆಗೆ ಆರಿಸಿಬಂದು ಸಭಾಧ್ಯಕ್ಷರಾದರು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದ 44ನೆಯ ತಿದ್ದುಪಡಿಯನ್ನು 1978ರಲ್ಲಿ ಅಂಗೀಕರಿಸಿದುದು ಅವರು ಅಧ್ಯಕ್ಷರಾಗಿದ್ದ ಆ ಸಭೆಯೇ. ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ಎಡನೀರಿನಲ್ಲಿ ಬ್ರಹ್ಮೈಕ್ಯರಾದರು.