ಕೃಷ್ಣೆಯ ದೋಣಿಗೆ ಮರುಬಣ್ಣ: ಹಳೆಯ ಪದರದ ಪ್ರಶ್ನೆ

ರಬಕವಿಯ ದಡದಿಂದ ಆಚೆಯ ಮಹಿಷವಾಡಗಿಗೆ ಜನ ದೋಣಿಯಲ್ಲೇ ಕೃಷ್ಣೆಯನ್ನು ದಾಟುತ್ತ ಬಂದವರು. ಜಮಖಂಡಿ, ಬೀಳಗಿ ತಾಲ್ಲೂಕುಗಳಿಗೆ ಆಲಮಟ್ಟಿಯ ಹಿನ್ನೀರು ತಾಕುತ್ತದೆ. ಮುಧೋಳದ ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ನೀರಿನ ಸಣ್ಣ ದೋಣಿಗಳಿಗೆ ಬಣ್ಣ ಕಾಣಿಸಲು ಹೊಳೆ ಇಳಿದ ಬೇಸಿಗೆಯೇ ತಕ್ಕ ಕಾಲ. ಅಂಗಡಿಗೆ ಹೋಗುವ ಮೊದಲು ದೋಣಿಯ ಮೈಮೇಲೆ ಈಗ ಏನಿದೆ ಎಂದು ತಿಳಿಯಬೇಕು.

ತೀಕ್ಷ್ಣ ತಿನ್ನರಿನಲ್ಲಿ ಅದ್ದಿದ ಅರಿವೆಯನ್ನು ಹಳೆಯ ಬಣ್ಣದ ಮೇಲೆ ಹತ್ತು ನಿಮಿಷ ಅಂಟಿಸಿಡಿ. ಬಣ್ಣ ಮೆತ್ತಗಾಗಿ ಸುಕ್ಕುಗಟ್ಟಿದರೆ ಅದು ಒಂದೇ ಡಬ್ಬಿಯ ಎನಾಮೆಲ್. ಜಗ್ಗದಿದ್ದರೆ ಗಟ್ಟಿಕಾರಕ ಬೆರೆಸಿದ ಎರಡು ಡಬ್ಬಿಯ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಇರಬೇಕು. ಅರಿವೆ ಕಂದು-ಕಪ್ಪಾದರೆ ಡಾಂಬರು.

ಎನಾಮೆಲಿನ ಮೇಲೆ ಎಪಾಕ್ಸಿ ಬಳಿದರೆ ಅದರಲ್ಲಿನ ಕ್ಸೈಲೀನ್‌ನಂಥ ದ್ರಾವಕ ಕೆಳಗಿನ ಪದರವನ್ನೇ ಉಬ್ಬಿಸಿ ಎಬ್ಬಿಸುತ್ತದೆ. ತಿರುವುಮುರುವು ಮಾಡಿದರೆ ತೊಂದರೆಯಿಲ್ಲ: ಪೂರ್ತಿ ಗಟ್ಟಿಯಾದ ಎಪಾಕ್ಸಿಯನ್ನು ಎಮರಿ ಕಾಗದದಿಂದ ಉಜ್ಜಿ ಎನಾಮೆಲ್ ಹೊಡೆಯಬಹುದು. ಸತುವು ಲೇಪಿಸಿದ ತಗಡಿನ ಮೇಲೆ ಮಾತ್ರ ಎನಾಮೆಲ್ ನೇರವಾಗಿ ಬೇಡ. ಸತುವಿನೊಡನೆ ಸೇರಿ ಸಾಬೂನಿನಂಥ ಪದರವಾಗಿ ಬಣ್ಣ ಹಾಳೆಹಾಳೆಯಾಗಿ ಕಳಚುತ್ತದೆ.

ಡಾಂಬರಿನ ಕಥೆಯೇ ಬೇರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡ ಹರಗೋಲುಗಳಿಗೆ ತೊಗಲಿನ ಹೊದಿಕೆ ಇತ್ತು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಬುಟ್ಟಿ ಬಾಗಿದಂತೆ ಡಾಂಬರೂ ಬಾಗುತ್ತದೆ, ಅಲ್ಲಿಗೆ ಅದೇ ಸರಿ. ಅದರ ಮೇಲೆ ಚೆಂದಕ್ಕೆಂದು ಎನಾಮೆಲ್ ಹೊಡೆದರೆ ಕಂದು ಕಲೆ ಮೇಲಕ್ಕೆ ಒಸರುತ್ತದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿ, ಮೇಲಿನ ಗಟ್ಟಿ ಪದರ ಮೊಸಳೆಯ ಬೆನ್ನಿನ ಹಾಗೆ ಸೀಳುತ್ತದೆ. ನಡುವೆ ಅಲ್ಯೂಮಿನಿಯಂ ಬಣ್ಣದ ಪದರ ಕೊಟ್ಟು ಕಲೆ ತಡೆಯುವುದುಂಟು. ನನ್ನ ಮಟ್ಟಿಗೆ ಡಾಂಬರಿನ ಮೇಲೆ ಡಾಂಬರೇ ಲೇಸು.

ತಳಕ್ಕೆ ಜೀವಿಗಳು ಅಂಟದಂತೆ ಕರಾವಳಿಯಲ್ಲಿ ಬಳಿಯುವ ತಾಮ್ರದ ಬಣ್ಣ ಇಲ್ಲಿಗೆ ದಂಡ. ಸಿಹಿನೀರಿನಲ್ಲಿ ಕಡಲಿನ ಚಿಪ್ಪುಜೀವಿಗಳ ಕಾಟವಿಲ್ಲ, ಪಾಚಿಗೆ ಪೊರಕೆ ಸಾಕು. ಅಲ್ಯೂಮಿನಿಯಂ ದೋಣಿಯಾದರೆ ತಾಮ್ರ ಲೋಹವನ್ನೇ ತಿನ್ನುತ್ತದೆ. ಅದೇ ಕೆಲಸದ, ಟ್ರೈಬ್ಯುಟೈಲ್ ಟಿನ್ ಇರುವ ಬಣ್ಣವನ್ನಂತೂ 2008ರ ಸೆಪ್ಟೆಂಬರ್ 17ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೇ ನಿಷೇಧಿಸಿದೆ. ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ನಮ್ಮ 2016ರ ನಿಯಮ ಮನೆಬಳಕೆಯ, ಅಲಂಕಾರಿಕ ಬಣ್ಣಗಳಿಗಷ್ಟೇ ಅನ್ವಯ, ದೋಣಿಯ ಬಣ್ಣಕ್ಕಲ್ಲ. ಊರು ಕುಡಿಯುವುದೂ ಇದೇ ಹೊಳೆಯ ನೀರು. ಹಾಗಾಗಿ ಕೆಂಪು ಸೀಸದ ಪ್ರೈಮರ್ ಬಿಟ್ಟು ಜಿಂಕ್ ಫಾಸ್ಫೇಟ್ ಕೇಳಿ. ಹಳೆಯ ಬಣ್ಣವನ್ನು ಒದ್ದೆ ಮಾಡಿ ಹೆರೆಯಿರಿ, ಹೆರೆದದ್ದನ್ನು ತಾಡಪತ್ರಿಯ ಮೇಲೆ ಹಿಡಿಯಿರಿ.

ಸದಾ ನೀರಲ್ಲೇ ನಿಲ್ಲುವ ಉಕ್ಕಿನ ದೋಣಿಯ ತಳಕ್ಕೆ ಎನಾಮೆಲ್ ತಾಳದು, ಗುಳ್ಳೆ ಏಳುತ್ತದೆ. ನೀರಗೆರೆಯ ಕೆಳಗೆ ಲೋಹ ಕಾಣುವವರೆಗೆ ಕೆರೆದು ಎಪಾಕ್ಸಿ ಬಳಿಯುವುದು, ಮೇಲೆ ಹಳೆಯ ಎನಾಮೆಲ್ ಗಟ್ಟಿಯಿದ್ದರೆ ಅದನ್ನೇ ಮುಂದುವರಿಸುವುದು ಸರಿಯಾದ ದಾರಿ. ನಮ್ಮ ಬೇಸಿಗೆಗೆ ಗಟ್ಟಿಕಾರಕ ಬೆರೆಸಿದ ಎಪಾಕ್ಸಿ ಡಬ್ಬಿಯಲ್ಲೇ ಬೇಗ ಗಟ್ಟಿಯಾಗುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಸ್ವಲ್ಪಸ್ವಲ್ಪವೇ ಬೆರೆಸಿಕೊಳ್ಳಿ. ಬಳಿದ ಎಪಾಕ್ಸಿ ಪೂರ್ತಿ ಪಕ್ವವಾಗಲು ಸುಮಾರು ಒಂದು ವಾರ ಬೇಕು, ಅದಕ್ಕೂ ಮೊದಲು ದೋಣಿಯನ್ನು ನೀರಿಗಿಳಿಸಬೇಡಿ.